ಟೊಮೇಟೊ ಹಣ್ಣನ್ನು ಬಾಟಲಿಯಲ್ಲಿ ಕಾಪಾಡುವ ಕ್ರಮ



ಕೋಲಾರ ಸೀಮೆಯಲ್ಲಿ ಟೊಮೇಟೊ ಬೆಲೆ ಕುಸಿದಾಗ ಹಣ್ಣನ್ನು ತಿಪ್ಪೆಗೆ ಸುರಿಯಬೇಡಿರಿ, ಮನೆಖರ್ಚಿಗಾಗುವಷ್ಟನ್ನು ಕಾಪಾಡಿಕೊಳ್ಳಿರಿ.

ಮಾಗಿದ, ಕೊಳೆಯದ ಹಣ್ಣನ್ನು ಕುದಿನೀರಿನಲ್ಲಿ ಒಂದು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ ಸಿಪ್ಪೆ ಸುಲಿಯಿರಿ. ಹೆಚ್ಚಿ, ಹಿಸುಕುತ್ತ 5 ನಿಮಿಷ ಕುದಿಸಿರಿ. ಬಿಸಿ ತಡೆಯುವ, ಗಾಳಿಯಾಡದ ಮುಚ್ಚಳದ ಗಾಜಿನ ಬಾಟಲಿಯನ್ನು ಶುದ್ಧಮಾಡಿ, ಅರ್ಧ ಅಂಗುಲ ಖಾಲಿ ಬಿಟ್ಟು ಬಿಸಿಯಾಗಿಯೇ ತುಂಬಿರಿ.

ಅರ್ಧ ಲೀಟರಿಗೆ ಕಾಲು ಟೀ ಚಮಚ ಸಿಟ್ರಿಕ್ ಆಮ್ಲ, ಅಂದರೆ ಅಂಗಡಿಯ ನಿಂಬೆ ಉಪ್ಪು, ಬೆರೆಸಲೇಬೇಕು. ಹುಳಿ ಸಾಲದಿದ್ದರೆ ಕಣ್ಣಿಗೂ ಮೂಗಿಗೂ ತಿಳಿಯದ ಪ್ರಾಣಾಂತಕ ವಿಷ ಒಳಗೇ ಹುಟ್ಟಬಹುದು.

ಮುಚ್ಚಿದ ಬಾಟಲಿಯನ್ನು ತಳಕ್ಕೆ ಬಟ್ಟೆ ಹಾಸಿದ ಪಾತ್ರೆಯಲ್ಲಿಟ್ಟು, ಒಂದು ಅಂಗುಲ ಮೇಲೆ ನಿಲ್ಲುವಷ್ಟು ಬಿಸಿನೀರು ಹಾಕಿ, ಕುದಿ ಬಂದ ಮೇಲೆ 45 ನಿಮಿಷ ಕುದಿಸಿರಿ.

ಮುಚ್ಚಳ ಉಬ್ಬಿದರೆ ರುಚಿ ಕೂಡ ನೋಡಬೇಡಿರಿ. ಹಣ್ಣು ಉಳಿಸಲು ಹೋಗಿ ಜೀವ ಕಳೆದುಕೊಳ್ಳಬಾರದು.