‘ಎಳ್ಳಷ್ಟೂ ಇಲ್ಲ’ ಎಂದರೆ ಎಷ್ಟು ಇಲ್ಲ?

‘ಇಲ್ಲ’ ಎಂಬುದು ಎರಡೇ ಅಕ್ಷರಗಳ ಪುಟ್ಟ ಮಾತು. ಒಂದು ವಸ್ತುವಿನ ಅಭಾವವನ್ನು ತಿಳಿಸಲು ಇಷ್ಟು ಸಾಕು. ಆದರೂ ಮನುಷ್ಯನಿಗೆ ಇದರಿಂದ ತೃಪ್ತಿಯಿಲ್ಲ. ಕೇಳುವವನ ಮನಸ್ಸಿನಲ್ಲಿ ಸಂದೇಹದ ಸೆಲೆ ಉಳಿಯಬಾರದೆಂದು ಅವನು ‘ಇಲ್ಲ’ದ ಹಿಂದೆ ಇನ್ನೊಂದು ಮಾತನ್ನು ಊರುಗೋಲಾಗಿ ನಿಲ್ಲಿಸುತ್ತಾನೆ. ಈ ಊರುಗೋಲುಗಳನ್ನು ಪರೀಕ್ಷಿಸಿದರೆ ಭಾಷೆಯ ಒಂದು ಸ್ವಾರಸ್ಯವಾದ ನಿಯಮ ನಮಗೆ ಗೋಚರವಾಗುತ್ತದೆ.

ಎಳ್ಳಷ್ಟೂ ಸಂಶಯವಿಲ್ಲ, ಕೂದಲೆಳೆಯಷ್ಟೂ ಅಂತರವಿಲ್ಲ, ತೊಟ್ಟು ನೀರೂ ಇಲ್ಲ, ಒಂದಗುಳು ಅನ್ನವೂ ಇಲ್ಲ, ಬಿಡಿಗಾಸೂ ಇಲ್ಲ, ನರಪಿಳ್ಳೆಯೂ ಇಲ್ಲ: ಇವೆಲ್ಲದರಲ್ಲಿಯೂ ಅಲ್ಲಗಳೆಯಲ್ಪಟ್ಟಿರುವುದು ಆಯಾ ಜಾತಿಯಲ್ಲಿ ಅತ್ಯಲ್ಪವಾದುದು. ಇದರ ತರ್ಕ ಸರಳವಾಗಿದೆ. ಅತಿ ಕಡಿಮೆಯಾದುದೇ ಇಲ್ಲವೆಂದಮೇಲೆ ಅದಕ್ಕಿಂತ ಹೆಚ್ಚಿನದು ಇರುವುದಾದರೂ ಹೇಗೆ? ಬಿಡಿಗಾಸಿಲ್ಲದವನ ಬಳಿ ರೂಪಾಯಿ ಇರಲಾರದು. ಕೊನೆಗೆ ಸೇರುವ ‘ಊ’ ಪ್ರತ್ಯಯವು ‘ಅದು ಸಹ’ ಎಂದು ಹೇಳಿ ಮೇಲಿನದೆಲ್ಲವನ್ನೂ ಒಂದೇ ಏಟಿಗೆ ತಳ್ಳಿಹಾಕುತ್ತದೆ. ಇಂಗ್ಲಿಷರ ‘ನಾಟ್ ಎ ಜಾಟ್’ ಕೂಡ ಇದೇ ಬಗೆಯದು. ಇಲ್ಲಿಯ ‘ಜಾಟ್’ ಗ್ರೀಕ್ ಲಿಪಿಯ ಅತಿ ಸಣ್ಣ ಅಕ್ಷರವಾದ ‘ಅಯೋಟ’ದಿಂದ ಬಂದುದು.

ಬೆಳಗಾವಿಯಿಂದ ಮಲಪ್ರಭೆಯ ದಡದ ಖಾನಾಪುರಕ್ಕೆ ಸುಮಾರು 25 ಕಿಲೋಮೀಟರು. ಈ ಹಾದಿಯುದ್ದಕ್ಕೂ ಕನ್ನಡ ಮತ್ತು ಮರಾಠಿ ಒಂದರ ಪಕ್ಕದಲ್ಲೊಂದು ಕೇಳಿಬರುತ್ತವೆ. ಕನ್ನಡಿಗನು ‘ಎಳ್ಳಷ್ಟೂ ಇಲ್ಲ’ ಎಂದಲ್ಲಿ ಮರಾಠಿಗನು ‘ತಿಳಮಾತ್ರ ನಾಹೀ’ ಎನ್ನುತ್ತಾನೆ. ಒಂದು ಭಾಷೆ ದ್ರಾವಿಡ, ಇನ್ನೊಂದು ಆರ್ಯ. ಆದರೆ ಎರಡೂ ತೂಗಲು ಆರಿಸಿಕೊಂಡುದು ಒಂದೇ ಕಾಳು. ಸಂಕ್ರಾಂತಿಯಂದು ಸವಿಮಾತಿಗಾಗಿ ಎರಡೂ ಮನೆಗಳವರು ಹಂಚುವುದೂ ಇದೇ ಎಳ್ಳನ್ನು! ಮರಾಠಿಯ ‘ಮುಳೀಚ ನಾಹೀ’ ಬೇರೊಂದು ದಾರಿ ಹಿಡಿದಿದೆ. ಅದು ಅತ್ಯಲ್ಪವನ್ನು ಹುಡುಕದೆ ‘ಮೂಲದಲ್ಲಿಯೇ ಇಲ್ಲ’ ಎಂದು ಬೇರನ್ನೇ ಕೀಳುತ್ತದೆ.

ಇನ್ನು ಕೆಲವು ಮಾತುಗಳ ಚರಿತ್ರೆ ಇನ್ನೂ ವಿಚಿತ್ರವಾದುದು. ಬೆಳಗಾವಿಯ ಪೇಟೆಯಲ್ಲಿ ದಿನವೂ ಕೇಳುವ ‘ಬಿಲ್ಕುಲ್’ ಅರಬ್ಬೀ ಮೂಲದ್ದು. ‘ಸಮಗ್ರವಾಗಿ’ ಎಂಬುದು ಅದರ ಅರ್ಥ. ಹಿಂದಿಯಲ್ಲಿ ‘ಬಿಲ್ಕುಲ್ ಠೀಕ್’ ಎಂದು ಸಮ್ಮತಿಗೂ ಅದು ಸಲ್ಲುತ್ತದೆ. ಕನ್ನಡದಲ್ಲಿಯಾದರೋ ಸಾಮಾನ್ಯವಾಗಿ ಅದರ ನಂಟು ‘ಇಲ್ಲ’ದೊಡನೆಯೇ. ‘ಸುತರಾಂ’ ಎಂಬುದಕ್ಕೆ ಸಂಸ್ಕೃತದಲ್ಲಿ ‘ಬಹಳವಾಗಿ’ ಎಂದರ್ಥ. ಅಲ್ಲಿ ಅದು ನಿಷೇಧದ ಸೋಂಕಿಲ್ಲದ ಪದ. ನಾವಾದರೋ ‘ಸುತರಾಂ ಒಪ್ಪೆನು’ ಎನ್ನುತ್ತೇವೆಯೇ ಹೊರತು ‘ಸುತರಾಂ ಒಪ್ಪಿದೆನು’ ಎನ್ನುವುದಿಲ್ಲ. ಕಬ್ಬಿಣದ ತುಂಡು ಆಯಸ್ಕಾಂತದ ಬಳಿ ಬಹುಕಾಲವಿದ್ದು ತಾನೂ ಆಯಸ್ಕಾಂತವಾಗುವಂತೆ, ನಿಷೇಧದ ಸಹವಾಸದಲ್ಲಿದ್ದ ಪದವು ತಾನೇ ನಿಷೇಧದ ಗುಣವನ್ನು ಪಡೆಯುತ್ತದೆ.

ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟೋ ಯೆಸ್ಪರ್ಸನ್ 1917ರಲ್ಲಿ ಈ ವ್ಯಾಪಾರವನ್ನು ಕ್ರಮವಾಗಿ ವಿವರಿಸಿದನು. ಮೊದಲು ನಿಷೇಧಪದವು ಬಳಸಿ ಬಳಸಿ ಸವೆಯುತ್ತದೆ. ಅದಕ್ಕೆ ಬಲಕೊಡಲು ಇನ್ನೊಂದು ಪದ ಬರುತ್ತದೆ. ಕಡೆಗೆ ಆ ಸಹಾಯಕನೇ ಒಡೆಯನಾಗುತ್ತಾನೆ. ಫ್ರೆಂಚಿನ ‘ಪಾ’ ಎಂಬುದಕ್ಕೆ ‘ಹೆಜ್ಜೆ’ ಎಂದರ್ಥ. ‘ಒಂದು ಹೆಜ್ಜೆಯೂ ನಡೆಯೆ’ ಎಂಬಲ್ಲಿ ಊರುಗೋಲಾಗಿ ಬಂದ ಅದು, ಇಂದಿನ ಆಡುಮಾತಿನಲ್ಲಿ ಮೂಲ ನಿಷೇಧಪದವಾದ ‘ನ’ ಬಿಟ್ಟುಹೋದಾಗಲೂ ತಾನೊಂದೇ ‘ಇಲ್ಲ’ವೆನ್ನುತ್ತದೆ. ಇಂಗ್ಲಿಷಿನ ‘ನಾಟ್’ ಕೂಡ ಹಿಂದೆ ‘ಯಾವ ವಸ್ತುವೂ ಇಲ್ಲ’ ಎಂಬ ಅರ್ಥದ ಜೋಡುಪದವಾಗಿತ್ತು.

ಹಳಗನ್ನಡದ ರೀತಿ ಇನ್ನೂ ಬೆರಗುಗೊಳಿಸುವಂಥದು. ‘ಮಾಡಿದೆಂ’ ಎಂದರೆ ಮಾಡಿದೆನು, ‘ಮಾಡುವೆಂ’ ಎಂದರೆ ಮಾಡುವೆನು. ಕಾಲಸೂಚಕ ಪ್ರತ್ಯಯವನ್ನು ತೆಗೆದುಬಿಟ್ಟರೆ ಉಳಿಯುವ ‘ಮಾಡೆಂ’ ಎಂಬುದೇ ನಿಷೇಧ. ಕಾಲಸೂಚಕದ ಅಭಾವದಿಂದಲೇ ಕ್ರಿಯೆಯ ಅಭಾವ ತೋರುತ್ತಿತ್ತು! ಆದರೆ ಇದರಲ್ಲಿ ಕಾಲ ತಿಳಿಯದು. ಹೊಸಗನ್ನಡವು ‘ಮಾಡಲಿಲ್ಲ’, ‘ಮಾಡುವುದಿಲ್ಲ’ ಎಂದು ‘ಇಲ್ಲ’ವನ್ನು ಜೊತೆಗೂಡಿಸಿ ಆ ಭೇದವನ್ನು ತೋರಿಸುತ್ತದೆ.

ಇದಕ್ಕೂ ಭೌತವಿಜ್ಞಾನಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಾವಿರ ಎಳ್ಳುಕಾಳುಗಳ ತೂಕ ಸುಮಾರು 3 ಗ್ರಾಂ. ಎಂದರೆ ಒಂದು ಎಳ್ಳು 3 ಮಿಲಿಗ್ರಾಂ. ಒಂದು ಗ್ರಾಮಿಗಿಂತ ಕಡಿಮೆಯನ್ನು ತೋರಿಸಲಾರದ ಅಡುಗೆಮನೆಯ ತಕ್ಕಡಿಯ ಮೇಲೆ ನೂರು ಎಳ್ಳಿಟ್ಟರೂ ಅದು ಸೊನ್ನೆಯನ್ನೇ ತೋರಿಸೀತು. ಅಂಥ ತಕ್ಕಡಿಯನ್ನು ನಂಬಿ ‘ಎಳ್ಳಷ್ಟೂ ಇಲ್ಲ’ ಎನ್ನುವ ಅಧಿಕಾರ ನಮಗಿಲ್ಲ.

ಇದು ಬರಿಯ ಮಾತಿನ ಜಗ್ಗಾಟವಲ್ಲ; ಕೆಲವೊಮ್ಮೆ ಪ್ರಾಣದ ಪ್ರಶ್ನೆ. ನಮ್ಮ ಮನೆಗಳ ವಿದ್ಯುತ್ತು 230 ವೋಲ್ಟಿನದು. ಸೆಕೆಂಡಿಗೆ 50 ಆವರ್ತನಗಳಂತೆ ದಿಕ್ಕು ಬದಲಿಸುವಂಥದು. ಏಕಮುಖ ವಿದ್ಯುತ್ತನ್ನು ಅಳೆಯುವ ಚಲಸುರುಳಿಯ ವೋಲ್ಟ್‌ಮೀಟರಿನ ಸೂಜಿ ಅದರ ಸರಾಸರಿಯನ್ನು ಮಾತ್ರ ತೋರಿಸುತ್ತದೆ. ಆ ಸರಾಸರಿ ಸೊನ್ನೆ. ಸೂಜಿ ಕದಲಲಿಲ್ಲವೆಂದು ‘ಕರೆಂಟು ಬಿಲ್ಕುಲ್ ಇಲ್ಲ’ ಎಂದು ನಂಬಿ ತಂತಿ ಮುಟ್ಟಿದವನು ಬದುಕುವ ಭರವಸೆಯಿಲ್ಲ. ‘ಈ ಮಾಪಕಕ್ಕೆ ಕಾಣಲಿಲ್ಲ’ ಎಂಬುದು ಬೇರೆ, ‘ಇಲ್ಲ’ ಎಂಬುದು ಬೇರೆ.

ವಿಜ್ಞಾನದಲ್ಲಿ ಬಲವಾದ ನಿಷೇಧ ಹೇಗಿರಬೇಕೆಂಬುದನ್ನು 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ತೋರಿಸಿಕೊಟ್ಟರು. ಈಥರಿನಲ್ಲಿ ಭೂಮಿ ಚಲಿಸುತ್ತಿದ್ದರೆ ಬೆಳಕಿನ ಪಟ್ಟೆಗಳು ಒಂದು ಪಟ್ಟೆಯ 0.4ರಷ್ಟು ಸರಿಯಬೇಕಾಗಿತ್ತು. ಅವು ಸರಿಯಲೇ ಇಲ್ಲವೆಂದು ಅವರು ಸಾರಲಿಲ್ಲ. ಸರಿದಿದ್ದರೂ ನಿರೀಕ್ಷೆಯ ಇಪ್ಪತ್ತರಲ್ಲೊಂದು ಭಾಗಕ್ಕಿಂತ ನಿಶ್ಚಯವಾಗಿ ಕಡಿಮೆಯೆಂದರು. ತನ್ನ ಎಲ್ಲೆಯನ್ನು ತಾನೇ ಹೇಳಿಕೊಂಡ ಆ ನಿಷೇಧವು ಕಡೆಗೆ ಈಥರನ್ನೇ ಭೌತವಿಜ್ಞಾನದಿಂದ ಹೊರದೂಡಲು ನೆರವಾಯಿತು.

ಸಂತೆಯಲ್ಲಿಯೂ ಸ್ನೇಹಿತರ ನಡುವೆಯೂ ‘ಸುತರಾಂ’, ‘ಬಿಲ್ಕುಲ್’ಗಳನ್ನು ಧಾರಾಳವಾಗಿ ಬಳಸೋಣ, ಅವು ನುಡಿಗೆ ಕಸುವು ತರುತ್ತವೆ. ಪ್ರಯೋಗಶಾಲೆಯ ಪುಸ್ತಕದಲ್ಲಿ ಮಾತ್ರ ‘ಇಲ್ಲ’ ಎಂದು ಬರೆಯುವ ಮೊದಲು, ನಮ್ಮ ತಕ್ಕಡಿಗೆ ಎಷ್ಟು ಎಳ್ಳು ಕಾಣಿಸುವುದೆಂದು ಕೇಳಿಕೊಳ್ಳೋಣ.