256 ಬೈಟಿನ ಬಿಂದಿಗೆ

ಕಮೊಡೋರ್ 64ರ ಹಿಂಬದಿಯ ಕಾರ್ಟ್ರಿಡ್ಜ್ ಕಿಂಡಿಗೆ ಸಿಕ್ಕಿಸುವ ಮೆಮೊರಿ ಪೆಟ್ಟಿಗೆಯೊಂದಿತ್ತು. ಬಳಸಿದವರ ಬಾಯಲ್ಲಿ ಅದು ಬರೀ ಆರ್‌ಇಯು. 1700 ಮಾದರಿಯಲ್ಲಿ 128 ಕಿಲೋಬೈಟ್, 1764ರಲ್ಲಿ 256, 1750ರಲ್ಲಿ 512. 1982ರಲ್ಲಿ ಬಂದ ಆ ಕಂಪ್ಯೂಟರಿನ ಸ್ವಂತ ಮೆಮೊರಿಯೇ 64 ಕಿಲೋಬೈಟ್ ಎಂದಮೇಲೆ, ಈ ಕೊನೆಯದು ಮನೆಗಿಂತ ಎಂಟು ಪಟ್ಟು ದೊಡ್ಡ ಕಣಜ. ಆದರೆ ಕಣಜಕ್ಕೆ ಮನೆಯೊಳಗಿಂದ ಬಾಗಿಲಿಲ್ಲ. ಒಳಗಿನ 6510 ಪ್ರೊಸೆಸರಿನ ವಿಳಾಸಗಳು 65,536ಕ್ಕೆ ಮುಗಿದುಹೋಗುತ್ತವೆ. ಆರ್‌ಇಯುವಿನಿಂದ ಅದಕ್ಕೆ ಕಾಣುವುದು 57088ರಿಂದ ಶುರುವಾಗುವ ಹನ್ನೊಂದು ರಿಜಿಸ್ಟರುಗಳು ಮಾತ್ರ.

ಇನ್ನೊಂದು ತುದಿಯಲ್ಲಿ 1541 ಡಿಸ್ಕ್ ಡ್ರೈವ್. ಅದೂ ಒಂದು ಪುಟ್ಟ ಕಂಪ್ಯೂಟರೇ: ತನ್ನದೇ 6502 ಪ್ರೊಸೆಸರ್, ತನ್ನದೇ 2 ಕಿಲೋಬೈಟ್ ಮೆಮೊರಿ. ಬುದ್ಧಿಗೆ ಕೊರತೆಯಿಲ್ಲ, ದಾರಿ ಮಾತ್ರ ಇಕ್ಕಟ್ಟು. ನಡುವಿನ ಸೀರಿಯಲ್ ಕೇಬಲಿನಲ್ಲಿ ಬಿಟ್ಟುಗಳು ಒಂದರ ಹಿಂದೊಂದು ಸಾಲಾಗಿ ಬರಬೇಕು. ಸೆಕೆಂಡಿಗೆ ಸುಮಾರು 400 ಬೈಟ್ ಬಂದರೆ ದೊಡ್ಡದು.

ಡ್ರೈವ್ ನೇರವಾಗಿ ಆರ್‌ಇಯುವಿಗೆ ತುಂಬಲಾರದು, ಅವೆರಡಕ್ಕೂ ಪರಿಚಯವೇ ಇಲ್ಲ. ನಲ್ಲಿ ಒಂದೆಡೆ, ಹಂಡೆ ಒಂದೆಡೆ ಇದ್ದಾಗ ನಾವೇನು ಮಾಡುತ್ತೇವೆ? ನಡುವೆ ಬಿಂದಿಗೆ ಹಿಡಿಯುತ್ತೇವೆ. ಇಲ್ಲಿ ಬಿಂದಿಗೆ ಎಂದರೆ 49152ನೇ ವಿಳಾಸದಿಂದ ಮುಂದಿನ ಜಾಗ. ಅಲ್ಲಿರುವ 4 ಕಿಲೋಬೈಟನ್ನು ಬೇಸಿಕ್ ಮುಟ್ಟುವುದಿಲ್ಲ.

ಒಂದು ಸೆಕ್ಟರಿನ ಬೆನ್ನು ಹತ್ತೋಣ. 18ನೇ ಟ್ರ್ಯಾಕಿನ 0ನೇ ಸೆಕ್ಟರ್, ಅಂದರೆ ಡಿಸ್ಕಿನಲ್ಲಿ ಎಲ್ಲೆಲ್ಲಿ ಜಾಗ ಖಾಲಿಯಿದೆ ಎಂಬ ನಕ್ಷೆ ಇರುವ ಜಾಗ. ಕಮಾಂಡ್ ಚಾನೆಲ್ಲಿಗೆ ‘ಯು1’ ಆಜ್ಞೆ ಕಳಿಸಿದರೆ ಡ್ರೈವ್ ಆ ಸೆಕ್ಟರನ್ನು ಓದಿ ತನ್ನ ಬಫರಿನಲ್ಲಿ ಇಟ್ಟುಕೊಳ್ಳುತ್ತದೆ. ನಾವು ಒಂದೊಂದೇ ಬೈಟ್ ಕೇಳಿ ಪಡೆದು 49152ರಿಂದ ಸಾಲಾಗಿ ಜೋಡಿಸಬೇಕು. 256 ಬೈಟಿಗೆ ಅರ್ಧ ಸೆಕೆಂಡಿಗೂ ಮೇಲೆ ಹಿಡಿಯುತ್ತದೆ. ಬಿಂದಿಗೆ ತುಂಬಿತು.

ಇನ್ನು ಸುರಿಯುವುದು. 57090 ಮತ್ತು 57091ರಲ್ಲಿ ‘ಎಲ್ಲಿಂದ’ ಎಂದು ಬರೆಯಬೇಕು: 0, 192. ಮುಂದಿನ ಮೂರರಲ್ಲಿ ‘ಆರ್‌ಇಯುವಿನ ಯಾವ ಜಾಗಕ್ಕೆ’. ಆಮೇಲಿನ ಎರಡರಲ್ಲಿ ‘ಎಷ್ಟು’: 0, 1. ಕೊನೆಗೆ 57089ಕ್ಕೆ 144 ಎಂದು ಪೋಕ್ ಮಾಡಿದರೆ ಆಯಿತು. ಆರ್‌ಇಯುವಿನ ಚಿಪ್ ಪ್ರೊಸೆಸರನ್ನು ಪಕ್ಕಕ್ಕೆ ನಿಲ್ಲಿಸಿ, ಗಡಿಯಾರದ ಒಂದೊಂದು ಮಿಡಿತಕ್ಕೆ ಒಂದೊಂದು ಬೈಟಿನಂತೆ ತಾನೇ ಸಾಗಿಸಿಬಿಡುತ್ತದೆ. ಗಡಿಯಾರದ ವೇಗ ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಮಿಡಿತ. ಪರದೆಯ ಚಿಪ್ ಅಷ್ಟಿಷ್ಟು ಹೊತ್ತು ಕದ್ದರೂ ಸೆಕೆಂಡಿನ ಸಾವಿರದ ಒಂದು ಪಾಲೂ ಬೇಡ. ನಿಂತಿದ್ದು ಪ್ರೊಸೆಸರಿಗೆ ಗೊತ್ತೇ ಆಗುವುದಿಲ್ಲ, ಮುಂದಿನ ಸಾಲಿಗೆ ಹೋಗುತ್ತದೆ.

(ಎಮ್ಯುಲೇಟರಿನಲ್ಲಿ ಮೊದಲ ಸಲ ಬರೆದಾಗ ಆ ‘0, 1’ ನನ್ನ ಕೈಯಲ್ಲಿ ‘1, 0’ ಆಗಿತ್ತು. ಹಾಗೆಂದರೆ 256 ಬೈಟಲ್ಲ, ಒಂದೇ ಬೈಟು. ಇಡೀ ಡಿಸ್ಕನ್ನು ತಾಳ್ಮೆಯಿಂದ ಓದಿ, ಬಿಂದಿಗೆಗೆ ಒಂದೊಂದು ಹನಿಯಂತೆ ಹಂಡೆಗೆ ಬಿಟ್ಟಿದ್ದೆ.)

ನನಗೆ ತೀರಾ ಇಷ್ಟವಾಗುವುದು ‘ಯಾವ ಜಾಗಕ್ಕೆ’ ಎಂಬ ಲೆಕ್ಕ. ಡಿಸ್ಕಿನಲ್ಲಿ ಒಟ್ಟು 683 ಸೆಕ್ಟರ್. ಹೊರಗಿನ ಟ್ರ್ಯಾಕುಗಳು ಉದ್ದ, ಆದ್ದರಿಂದ ಅಲ್ಲಿ 21. ಒಳಗೆ ಹೋದಂತೆ 19, 18, ಕಡೆಗೆ 17. ಟ್ರ್ಯಾಕುಗಳನ್ನು ಮರೆತು ಮೊದಲಿನಿಂದ, ಸೊನ್ನೆಯಿಂದ ಶುರುಮಾಡಿ, ಎಣಿಸಿಕೊಂಡು ಬಂದರೆ ನಮ್ಮ ಸೆಕ್ಟರಿನ ಸಂಖ್ಯೆ 357. ಸೆಕ್ಟರ್ 256 ಬೈಟ್, ಈ ಪ್ರೊಸೆಸರಿನ ಒಂದು ಪುಟವೂ 256 ಬೈಟ್, ಆರ್‌ಇಯುವಿನಲ್ಲಿ 256 ಪುಟಕ್ಕೊಂದು ಬ್ಯಾಂಕು. ಹಾಗಾಗಿ ಗುಣಾಕಾರವೇ ಬೇಕಿಲ್ಲ: 357ರಲ್ಲಿ 256 ಕಳೆದರೆ ಒಂದನೇ ಬ್ಯಾಂಕು, 101ನೇ ಪುಟ. ಮೂರು ರಿಜಿಸ್ಟರಿಗೆ 0, 101, 1. ಮೊದಲ ಅಂಕೆ ಯಾವತ್ತೂ ಸೊನ್ನೆಯೇ. ಒಬ್ಬರೇ ಕುಳಿತು ಅಳತೆ ಹಿಡಿದು ಹೊಲಿದಂತಿದೆ.

ಇಷ್ಟೆಲ್ಲ ಏಕೆ ಎಂದರೆ, ಮನೆಯಲ್ಲಿ ಒಂದೇ ಡ್ರೈವ್ ಇದ್ದವರು ಡಿಸ್ಕನ್ನು ನಕಲು ಮಾಡುವ ಪಾಡು ನೋಡಬೇಕಿತ್ತು. 174,848 ಬೈಟು 64 ಕಿಲೋಬೈಟಿನಲ್ಲಿ ಹಿಡಿಸದು. ಸ್ವಲ್ಪ ಓದು, ಡಿಸ್ಕ್ ಬದಲಿಸು, ಸ್ವಲ್ಪ ಬರೆ, ಮತ್ತೆ ಬದಲಿಸು. 1764 ಇದ್ದರೆ ಅಸಲಿಯನ್ನು ಒಮ್ಮೆ ಪೂರ್ತಿ ಓದಿ ಎತ್ತಿಟ್ಟುಬಿಡಬಹುದು. ಕರೆಂಟ್ ಹೋದರೆ ಎಲ್ಲ ಹೋಯಿತು, ಅದು ಬೇರೆ ಮಾತು.

1750 ಇದ್ದವರಿಗೆ ಇನ್ನೂ ಆಸೆ: ಮೂರು ಡಿಸ್ಕ್ ಹಿಡಿಸಬಹುದೇ? 683ರ ಮೂರರಷ್ಟು 2,049. ಪೆಟ್ಟಿಗೆಯಲ್ಲಿರುವುದು 2,048 ಪುಟ. ಒಂದೇ ಒಂದು ಸೆಕ್ಟರ್ ಹೊರಗೆ! ಎಲ್ಲಿಡುವುದು? ಮೂರನೇ ಡಿಸ್ಕಿನ ಆ ಕೊನೆಯ ಸೆಕ್ಟರನ್ನು ಸುರಿಯದಿದ್ದರಾಯಿತು, ಬಿಂದಿಗೆಯಲ್ಲೇ ಇರಲಿ.