ಹೋಳೂರಿನ ಬಾಯಲ್ಲಿ ‘ಫ್ರೀ’

ಕೋಲಾರ ತಾಲ್ಲೂಕಿನ ಹೋಬಳಿ ಕೇಂದ್ರ ಹೋಳೂರಿನಿಂದ ಕೋಲಾರಕ್ಕೆ ಹೊರಡುವ ಸರ್ಕಾರಿ ಬಸ್ಸಿನಲ್ಲಿ ಕಿವಿಗೊಟ್ಟು ಕೂತವರಿಗೆ ‘ಫ್ರೀ’ ಎಂಬ ಇಂಗ್ಲಿಷ್ ಗುಣವಾಚಕ ಹತ್ತಾರು ಸಲ ಕೇಳಿಸುತ್ತದೆ. “ನಿಮ್ಗೆ ಫ್ರೀ ಕಣಮ್ಮಾ, ಆಧಾರ್ ತೋರ್ಸಿ” ಎನ್ನುತ್ತಾರೆ ಕಂಡಕ್ಟರ್. “ಭಾನುವಾರ ಫ್ರೀ ಇದ್ರೆ ಮನೆ ಕಡೆ ಬಾರೋ” ಎಂದು ಫೋನಿನಲ್ಲಿ ಒಬ್ಬರು ಕರೆಯುತ್ತಾರೆ. ಟೈಲರ್ ಅಂಗಡಿಯಲ್ಲಿ “ಕಂಕುಳ ಹತ್ರ ಒಂದಿಂಚು ಫ್ರೀ ಬಿಡಣ್ಣ” ಎಂಬ ಮಾತು, ಸೈಕಲ್ ರಿಪೇರಿಯವರ ಬಾಯಲ್ಲಿ “ನಟ್ಟು ಈಗ ಫ್ರೀ ಆಯ್ತು” ಎಂಬ ಮಾತು. ಮಗಳ ಮದುವೆ ಮುಗಿಸಿದ ತಾಯಿಯೂ “ಇನ್ನು ನಾನು ಫ್ರೀ” ಎಂದೇ ನಿಟ್ಟುಸಿರು ಬಿಡುತ್ತಾರೆ.

ದುಡ್ಡು ಬೇಡ, ಬಿಡುವಿದೆ, ಸಡಿಲವಾಗಿದೆ, ಸಲೀಸಾಗಿ ತಿರುಗುತ್ತದೆ, ಹೊಣೆ ಇಳಿಯಿತು. ಐದು ಅರ್ಥಗಳಿಗೆ ಒಂದೇ ಪದ.

ಈ ಪದದ ಬೇರು ಕನ್ನಡಿಗರಿಗೆ ದೂರದ್ದಲ್ಲ. ‘ಫ್ರೀ’ ಮತ್ತು ಸಂಸ್ಕೃತದ ‘ಪ್ರಿಯ’ ಒಂದೇ ಇಂಡೋ-ಯುರೋಪಿಯನ್ ಧಾತುವಿನಿಂದ ಬಂದವು. ‘ಫ್ರೆಂಡ್’ ಕೂಡ ಅದೇ ಬಳಗದ್ದು. ಮೊದಲಿಗೆ ಅದರ ಅರ್ಥ ಪ್ರೀತಿಪಾತ್ರ, ತಮ್ಮವ ಎಂದಿತ್ತು. ಮನೆಗೆ, ಕುಲಕ್ಕೆ ಸೇರಿದವರು ಗುಲಾಮರಲ್ಲ, ಆದ್ದರಿಂದ ಅವರು ಸ್ವತಂತ್ರರು. ಪ್ರೀತಿಯ ಪದ ಬಿಡುಗಡೆಯ ಪದವಾದದ್ದನ್ನು ಭಾಷಾಶಾಸ್ತ್ರಜ್ಞರು ಹೀಗೆ ವಿವರಿಸುತ್ತಾರೆ. ಬೆಲೆಯಿಲ್ಲದೆ ಸಿಗುವುದು ಎಂಬ ಅರ್ಥ ಕೂಡಿಕೊಂಡದ್ದು ಬಹಳ ತಡವಾಗಿ.

ಸ್ವಾತಂತ್ರ್ಯ, ಬೆಲೆಯಿಲ್ಲದ್ದು ಎಂಬ ಈ ಎರಡು ಅರ್ಥಗಳು ಇಂಗ್ಲಿಷಿನವರನ್ನೇ ಗೊಂದಲಕ್ಕೆ ಸಿಲುಕಿಸಿವೆ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1985ರಲ್ಲಿ ‘ಫ್ರೀ ಸಾಫ್ಟ್‌ವೇರ್ ಫೌಂಡೇಶನ್’ ಕಟ್ಟಿದಾಗಿನಿಂದ, ತಾವು ಹೇಳುತ್ತಿರುವುದು ಬೆಲೆಯ ವಿಷಯವಲ್ಲ, ಬಳಸುವವರ ಸ್ವಾತಂತ್ರ್ಯದ ವಿಷಯ ಎಂದು ಬಿಡಿಸಿ ಹೇಳುತ್ತಲೇ ಬಂದಿದ್ದಾರೆ. ಕನ್ನಡದಲ್ಲಿ ಆ ತೊಡಕಿಲ್ಲ. ಒಂದು ಸ್ವತಂತ್ರ ತಂತ್ರಾಂಶ, ಇನ್ನೊಂದು ಉಚಿತ ತಂತ್ರಾಂಶ. ಹಾಗೆಯೇ ‘ಶುಗರ್ ಫ್ರೀ’ ಬಿಸ್ಕತ್ತಿನಲ್ಲಿ ಇರುವುದು ‘ರಹಿತ’ ಎಂಬ ಮತ್ತೊಂದೇ ಅರ್ಥ.

ದುಡ್ಡಿಲ್ಲದೆ ಸಿಗುವುದಕ್ಕಂತೂ ಕನ್ನಡದಲ್ಲಿ ಒಂದಲ್ಲ, ಹಲವು ಪದಗಳಿವೆ. ಪ್ರತಿಯೊಂದಕ್ಕೂ ಅದರದೇ ಮರ್ಯಾದೆ. ‘ಉಚಿತ’ಕ್ಕೆ ತಕ್ಕದ್ದು, ಯೋಗ್ಯವಾದದ್ದು ಎಂಬ ಅರ್ಥವೂ ಇದೆ, ಔಚಿತ್ಯ ಎಂಬ ಮಾತು ಹುಟ್ಟಿದ್ದು ಅದರಿಂದಲೇ. ‘ಪುಕ್ಕಟೆ’ಯಲ್ಲಿ ಸ್ವಲ್ಪ ಹಗುರ ಧ್ವನಿ. ತರಕಾರಿ ಕೊಂಡ ಮೇಲೆ ಗಿರಾಕಿ ಕೇಳಿ ಪಡೆಯುವ ನಾಲ್ಕೆಸಳು ಕರಿಬೇವು ‘ಕೊಸರು’. ಅದು ದಾನವಲ್ಲ, ವ್ಯಾಪಾರದ ಸಲಿಗೆ. “ಯಾರಾದ್ರೂ ಸುಮ್ನೆ ಕೊಡ್ತಾರಾ?” ಎಂಬ ಪ್ರಶ್ನೆಯಲ್ಲಿ ‘ಸುಮ್ಮನೆ’ಯೂ ಇದೇ ಕೆಲಸ ಮಾಡುತ್ತದೆ. ತೆಲುಗು, ಕನ್ನಡ ಎರಡೂ ಆಡುವ ಕೋಲಾರ ಸೀಮೆಯ ಮನೆಗಳಲ್ಲಿ ಅದೇ ಜಾಗಕ್ಕೆ ‘ಊರಿಕೆ’ ಬರುತ್ತದೆ.

‘ಬಿಟ್ಟಿ’ಯ ಕಥೆ ಇವೆಲ್ಲಕ್ಕಿಂತ ಕಹಿ. ಸಂಸ್ಕೃತದ ‘ವಿಷ್ಟಿ’ಯ ತದ್ಭವವಾದ ಅದಕ್ಕೆ ಹಿಂದೆ ಇದ್ದ ಅರ್ಥ, ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆ. ಬಿಟ್ಟಿ ಚಾಕರಿ ಎನ್ನುವಾಗ ಇಂದಿಗೂ ಆ ಅರ್ಥ ಜೀವಂತ. ಅಲ್ಲಿ ಪುಕ್ಕಟೆ ಸಿಕ್ಕಿದ್ದು ದುಡಿಸಿಕೊಂಡವರಿಗೆ. ದುಡಿದವರಿಗೆ ಸ್ವಾತಂತ್ರ್ಯವೂ ಇಲ್ಲ, ಕೂಲಿಯೂ ಇಲ್ಲ.

‘ಫ್ರೀ’ ಎಂದಾಗ ಕೊಟ್ಟವರು ಯಾರು, ತೆತ್ತವರು ಯಾರು ಎಂಬುದು ಮರೆಯಾಗುತ್ತದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ‘ಫ್ರೀ ಕರೆಂಟು’. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರದಲ್ಲಿ ಟೊಮೆಟೊ ಬೆಳೆಯುವ ರೈತ ಸಾವಿರ ಅಡಿ ದಾಟಿ ಬೋರ್ ಕೊರೆಸಬೇಕು. ಪೈಪು, ಕೇಬಲ್, ಮೋಟಾರು ಎಲ್ಲಕ್ಕೂ ಅವನೇ ದುಡ್ಡು ಹೊಂದಿಸಬೇಕು, ಕರೆಂಟು ಬರುವ ಹೊತ್ತಿಗೆ ಕಾದಿರಬೇಕು. ಅವನ ಪಾಲಿಗೆ ಫ್ರೀ ಆಗಿರುವುದು ಬಿಲ್ಲು ಮಾತ್ರ, ನೀರಲ್ಲ.

ಬಸ್ಸಿನ ಮಾತೂ ಹೀಗೆಯೇ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಕಂಡಕ್ಟರ್ ಕೊಡುವುದು ಶೂನ್ಯ ದರದ ಟಿಕೆಟ್. ಆ ಪ್ರಯಾಣದ ವೆಚ್ಚವನ್ನು ಸರ್ಕಾರ ಸಾರಿಗೆ ನಿಗಮಗಳಿಗೆ ತುಂಬಿಕೊಡುತ್ತದೆ. ಆ ದುಡ್ಡು ಜನರ ತೆರಿಗೆಯದು. ಸೋಪು, ಪೇಸ್ಟು ಕೊಳ್ಳುವಾಗ ಆ ಹೆಂಗಸರೂ ಜಿಎಸ್‌ಟಿ ಕಟ್ಟಿರುತ್ತಾರೆ. ಆಸ್ಪತ್ರೆಗೆ, ಕಾಲೇಜಿಗೆ, ಕೂಲಿಗೆ ಹೊರಟ ಅವರನ್ನು ಕುರಿತು ‘ಬಿಟ್ಟಿ ಪ್ರಯಾಣ’ ಎನ್ನುವುದು ಭಾಷೆಯ ದೃಷ್ಟಿಯಿಂದಲೂ ತಪ್ಪು, ನ್ಯಾಯದ ದೃಷ್ಟಿಯಿಂದಲೂ ತಪ್ಪು. ಬಾಯಿಗೆ ಸುಲಭವೆಂದು ‘ಫ್ರೀ’ ಎಂದರೂ ಅಡ್ಡಿಯಿಲ್ಲ. ಕನ್ನಡದ ಪದವೇ ಬೇಕೆಂದರೆ ‘ಉಚಿತ’ ಎನ್ನೋಣ. ಈ ಪ್ರಯಾಣಕ್ಕೆ ಅದರ ಎರಡೂ ಅರ್ಥ ಹೊಂದುತ್ತವೆ.